ಹಿತ್ತಲಲ್ಲಿ ಗ್ಯಾಸಾ, ಇದ್ದಿಲಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ದು ಮೈಸೂರು, ಮನೆ ಹಿಂದೆ ಚಿಕ್ಕದೊಂದು ಹಿತ್ತಲಿದೆ. ಬಾರ್ಬೆಕ್ಯೂ ಗ್ರಿಲ್ ತಗೊಳ್ಳೋಣ ಅಂತ ಮಗ ಹಠ ಹಿಡಿದಿದಾನೆ, ಅದೂ ಇದ್ದಿಲಿನದೇ ಆಗ್ಬೇಕಂತೆ. ನಮ್ಮನೆಯವರು ಗ್ಯಾಸಿಂದು ತಗೊಂಡ್ರೆ ಬೂದಿ ಗೀದಿ ಕಾಟ ಇಲ್ಲ ಅಂತಾರೆ. ಮನೇಲಿ ಅರ್ಧ ಜನ ವೆಜ್ಜು, ಅರ್ಧ ಜನ ನಾನ್‌ವೆಜ್ಜು. ಕೊನೆಗೆ ಬೂದಿ ಬಳಿಯೋದು ನಾನೇ ಅಂತ ಗೊತ್ತಿದ್ದೂ ಕೇಳ್ತಿದೀನಿ, ಯಾವುದು ತಗೊಳ್ಳಲಿ?

ಉತ್ತರ: ಆ ಕೊನೆ ಸಾಲು ಓದಿ ನಗು ಬಂತು, ಯಾಕಂದ್ರೆ ನಮ್ಮನೇಲೂ ಅದೇ ಕಥೆ. ಮೊದ್ಲು ಒಂದು ಹೇಳಿ, ತಿಂಗಳಿಗೆ ಎಷ್ಟು ಸಲ ಹಚ್ತೀರ? ಮಗ ಹೇಳೋ ಲೆಕ್ಕ ಬೇಡ, ನಿಮ್ಮ ಲೆಕ್ಕ ಹೇಳಿ. ವಾರಕ್ಕೆ ಎರಡ್ಮೂರು ದಿನ, ಆಫೀಸಿಂದ ಬಂದ್ಮೇಲೂ ಮಾಡೋರಾದ್ರೆ ಗ್ಯಾಸೇ ಸರಿ, ಹತ್ತು ನಿಮಿಷಕ್ಕೆ ಕಾಯತ್ತೆ, ಮುಗಿದ್ಮೇಲೆ ನಾಬ್ ತಿರುಗ್ಸಿದ್ರೆ ಆಯ್ತು. ಆದ್ರೆ ನೆಂಟರು ಬಂದಾಗ, ಹಬ್ಬದ ಮಾರನೇ ದಿನ, ಹೀಗೆ ಯಾವಾಗ್ಲೋ ಒಂದು ಭಾನುವಾರ ಅನ್ನೋದಾದ್ರೆ ಕಣ್ಮುಚ್ಚಿ ಇದ್ದಿಲಿನದು ತಗೊಳ್ಳಿ. ಗ್ಯಾಸ್ ಒಲೆ ಅಡುಗೆಮನೇಲಿ ಇದ್ದೇ ಇದೆಯಲ್ಲ, ಅದನ್ನೇ ಹಿತ್ತಲಿಗೆ ತಂದು ಕೂರಿಸೋಕೆ ಅಷ್ಟು ದುಡ್ಡು ಯಾಕೆ?

ರುಚಿ ವಿಷಯ. ಇದ್ದಿಲು ಪೂರ್ತಿ ಕೆಂಡ ಆದ್ಮೇಲೆ ಅದರದೇ ಹೊಗೆ ಅಂತ ಹೆಚ್ಚೇನೂ ಇರಲ್ಲ. ಚಿಕನ್ನಿನ ಕೊಬ್ಬು, ಎಣ್ಣೆ, ಮಸಾಲೆ ಕೆಂಡದ ಮೇಲೆ ತೊಟ್ಟಿಕ್ಕಿ ಸುರ್ ಅಂತ ಏಳತ್ತಲ್ಲ, ನಾವು ಇದ್ದಿಲ ರುಚಿ ಅನ್ನೋದು ಬಹುಪಾಲು ಆ ಹೊಗೆನ. ಗ್ಯಾಸ್ ಗ್ರಿಲ್ಲಲ್ಲೂ ಬರ್ನರ್ ಮೇಲೆ ಕಬ್ಬಿಣದ ಪಟ್ಟಿ ಇರತ್ತೆ, ಅಲ್ಲೂ ತೊಟ್ಟಿಕ್ಕಿ ಸ್ವಲ್ಪ ಹೊಗೆ ಬರತ್ತೆ, ಆದ್ರೆ ಗ್ಯಾಸ್ ಉರಿದಾಗ ನೀರಿನ ಆವಿನೂ ಹುಟ್ಟತ್ತೆ, ಕೆಂಡದ್ದು ಒಣ ಕಾವು, ಅದಕ್ಕೇ ಮೇಲ್ಭಾಗ ಗರಿಗರಿ ಆಗತ್ತೆ. ಇನ್ನು ವೆಜ್ ಅಂದ್ರೆ ಬರೀ ಪನೀರ್ ಅಂದ್ಕೋಬೇಡಿ. ಕೆಂಡದ ಮೇಲೆ ಬದನೆಕಾಯಿ ಸಿಪ್ಪೆ ಕಪ್ಪಾಗೋವರ್ಗೂ ಸುಟ್ಟು ಗೊಜ್ಜು ಮಾಡಿ, ಮುಸುಕಿನ ಜೋಳಕ್ಕೆ ನಿಂಬೆಹಣ್ಣು, ಉಪ್ಪು, ಖಾರದಪುಡಿ ಹಚ್ಚಿ, ಎಲ್ಲಾ ಮುಗಿದ್ಮೇಲೆ ಬಿಸಿ ಬೂದಿ ಒಳಗೆ ನಾಲ್ಕು ಗೆಣಸು ಹುದುಗಿಸಿಡಿ. ಈ ಗೆಣಸಿನ ಭಾಗ್ಯ ಗ್ಯಾಸಿನವ್ರಿಗಿಲ್ಲ! ವೆಜ್ಜಿಗೆ ಬೇರೆ ಜಾಲರಿ, ಬೇರೆ ಇಕ್ಕಳ ಇಟ್ಕೊಂಡು ಅದನ್ನೇ ಮೊದ್ಲು ಮುಗಿಸ್ಬಿಡಿ, ಜಗಳ ಇರಲ್ಲ.

ದೊಡ್ಡ ಗ್ರಿಲ್ಲೇ ಬೇಕು ಅಂತಿಲ್ಲ. ಹಳೇ ಮನೆಗಳಲ್ಲಿ ಅಗ್ಗಿಷ್ಟಿಕೆ ಇರ್ತಿತ್ತಲ್ಲ (ಉತ್ತರ ಕರ್ನಾಟಕದ ಕಡೆ ಶೆಗಡಿ ಅಂತಾರೆ), ಅಟ್ಟದ ಮೇಲೆ ಒಂದು ಸಿಕ್ಕಿದ್ರೆ ಮೇಲೊಂದು ಜಾಲರಿ ಇಟ್ಟು ಶುರು ಮಾಡಿ, ಮಗನ ಉತ್ಸಾಹ ಎಷ್ಟು ತಿಂಗಳು ಇರತ್ತೆ ಅಂತಾನೂ ಗೊತ್ತಾಗತ್ತೆ. ಕರಟದ ಇದ್ದಿಲು ಸಿಕ್ಕಿದ್ರೆ ಅದೇ ತಗೊಳ್ಳಿ, ಹೊಗೆ ಕಮ್ಮಿ, ತುಂಬಾ ಹೊತ್ತು ಕಾವು ನಿಲ್ಲತ್ತೆ. ಮಳೆಗಾಲದಲ್ಲಿ ಮುಚ್ಚಳದ ಡ್ರಮ್ಮಲ್ಲಿ ಇಡಿ, ಥಂಡಿ ಹಿಡಿದ ಇದ್ದಿಲು ಬೇಗ ಹತ್ತಲ್ಲ, ಬರೀ ಹೊಗೆ. ಹಚ್ಚೋಕೆ ಸೀಮೆಎಣ್ಣೆ, ಪೆಟ್ರೋಲ್ ದೇವರಾಣೆಗೂ ಬೇಡ. ದೊಡ್ಡ ತಗಡಿನ ಡಬ್ಬಕ್ಕೆ ತಳ ತೆಗೆದು, ಒಂಚೂರು ಮೇಲೆ ಜಾಲರಿ ಕೂರಿಸಿ ಅದರ ಮೇಲೆ ಇದ್ದಿಲು ತುಂಬಿ, ಕೆಳಗೆ ನ್ಯೂಸ್‌ಪೇಪರ್ ಉಂಡೆ ಇಟ್ಟು ಹಚ್ಚಿ, 20-25 ನಿಮಿಷಕ್ಕೆ ಮೇಲೆಲ್ಲಾ ಬಿಳಿ ಬೂದಿ ಕಟ್ಟತ್ತೆ, ಅಲ್ಲೀವರ್ಗೂ ಏನೂ ಇಡ್ಬೇಡಿ. ಮಕ್ಕಳು ಹಸಿವು ಹಸಿವು ಅಂತಾರೆ, ಚುರುಮುರಿ ಕೊಟ್ಟು ಕೂರಿಸಿ. ಕೆಂಡವೆಲ್ಲಾ ಒಂದೇ ಬದಿಗೆ ತಳ್ಳಿದ್ರೆ ಒಂದು ಕಡೆ ಜೋರು ಕಾವು, ಇನ್ನೊಂದು ಕಡೆ ಸಣ್ಣ ಕಾವು, ಚಿಕನ್ ಹೊರಗೆ ಸೀದು ಒಳಗೆ ಹಸಿ ಉಳಿಯೋ ತಾಪತ್ರಯ ಇರಲ್ಲ.

ಇದೊಂದು ಮಾತ್ರ ಮರೀಬೇಡಿ, ಮಳೆ ಬಂತು ಅಂತ ಗ್ರಿಲ್ಲನ್ನ ಕಾರ್ ಶೆಡ್ಡೊಳಗೆ, ಮನೆಯೊಳಗೆ ತರಬಾರದು. ಕೆಂಡದಿಂದ ಬರೋ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಜೀವಾನೇ ತೆಗೆಯತ್ತೆ. ಬೂದಿ ಒಳಗಿನ ಕೆಂಡ ಮಾರನೇ ದಿನಾನೂ ಜೀವ ಇಟ್ಕೊಂಡಿರತ್ತೆ, ನೀರು ಹಾಕಿ ಆರಿಸದೆ ಪ್ಲಾಸ್ಟಿಕ್ ಡಬ್ಬಿಗೆ ಸುರೀಬೇಡಿ. ಅಕಸ್ಮಾತ್ ಗ್ಯಾಸಿಂದೇ ತಂದ್ರೆ, ಹಚ್ಚುವಾಗ ಮುಚ್ಚಳ ತೆಗೆದೇ ಇರ್ಲಿ, ಪೈಪಿನ ಜಾಯಿಂಟಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳತ್ತಾ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ಮೇಲೆ ಹೋಗಲ್ಲ, ನೆಲದಲ್ಲೇ ಹರಡ್ಕೊಳ್ಳತ್ತೆ.

ಮತ್ತೆ ಬೂದಿ ಬಳಿಯೋ ಕೆಲಸ ಮಗನಿಗೆ. ಗ್ರಿಲ್ ತರೋಕ್ ಮುಂಚೆನೇ ಒಪ್ಪಿಸ್ಕೊಳ್ಳಿ.

ಪ್ರಶ್ನೆ: ಟೆಕ್ಸಾಸಲ್ಲಿ ಅಪಾರ್ಟ್‌ಮೆಂಟಲ್ಲಿದೀವಿ, ಬ್ಯಾಕ್‌ಯಾರ್ಡ್ ಇಲ್ಲ. ಬಾಲ್ಕನೀಲಿ ಚಿಕ್ಕ ಇದ್ದಿಲ ಗ್ರಿಲ್ ಇಡಬಹುದಾ?

ಉತ್ತರ: ಬೇಡ. ಅಲ್ಲಿ ಬಹಳಷ್ಟು ಊರುಗಳ ಫೈರ್ ಕೋಡಲ್ಲಿ ಅಪಾರ್ಟ್‌ಮೆಂಟಿನ ಮರದ ಬಾಲ್ಕನಿಯಿಂದ 10 ಅಡಿ ಒಳಗೆ ಇದ್ದಿಲ ಗ್ರಿಲ್ ಹಚ್ಚೋ ಹಾಗಿಲ್ಲ. ಲೀಸ್ ಪೇಪರ್ ಓದಿ, ಒಪ್ಪಿಗೆ ಇದ್ರೆ ಕರೆಂಟಿನದು ತಗೊಳ್ಳಿ. ನಿಮ್ಮ ಕಾಂಪ್ಲೆಕ್ಸಲ್ಲೇ ಸ್ವಿಮ್ಮಿಂಗ್ ಪೂಲ್ ಪಕ್ಕ ಎಲ್ಲರಿಗೂ ಸೇರಿದ ಗ್ರಿಲ್ ಇದ್ರೂ ಇರಬಹುದು, ಒಂದು ಸುತ್ತು ನೋಡ್ಕೊಂಡು ಬನ್ನಿ. ಜಾಲರಿ ಮಾತ್ರ ಚೆನ್ನಾಗಿ ಉಜ್ಜಿ, ನಿಮಗಿಂತ ಮುಂಚೆ ಅಲ್ಲಿ ಯಾರು ಏನು ಸುಟ್ಟಿರ್ತಾರೋ!