ಎರಡೂ ಗಾಜೇ, ಆದರೂ ಒಂದೇ ಅಲ್ಲ

ಪ್ರಶ್ನೆ: ಸರ್, ನಾನು ಎಂ.ಎಸ್ಸಿ ಮುಗಿಸಿ ಕೀಟನಾಶಕ ಉಳಿಕೆ ಪರೀಕ್ಷಿಸುವ ಲ್ಯಾಬೊಂದಕ್ಕೆ ಸೇರಿ ನಾಲ್ಕು ತಿಂಗಳಾಯ್ತು. ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಾಫ್) ಯಂತ್ರದಲ್ಲಿ ಸ್ಯಾಂಪಲ್ ಆವಿಯಾಗುವ ಗಾಜಿನ ಕೊಳವೆಗೆ, ಅಂದ್ರೆ ಲೈನರ್‌ಗೆ ತುಂಬುವ ಸೈಲನೈಸ್ಡ್ ಗ್ಲಾಸ್ ವೂಲ್ (ಲೇಪ ಕೊಟ್ಟ ಗಾಜಿನ ಎಳೆಗಳು) ಮುಗಿದುಹೋಗಿತ್ತು. ಕಪಾಟಿನಲ್ಲಿದ್ದ ಮಾಮೂಲಿ ಗ್ಲಾಸ್ ವೂಲ್ ಹಾಕಿದೆ. ಅವತ್ತಿನಿಂದ ಗ್ರಾಫಿನಲ್ಲಿ ಎಂಡ್ರಿನ್ ಅನ್ನೋ ಕೀಟನಾಶಕದ ಪೀಕ್ ಕುಗ್ಗಿದೆ, ಅದರ ನಂತರ ಎರಡು ಹೊಸ ಪೀಕ್ ಬರ್ತಿವೆ. ಆವಿಯನ್ನು ಬೇರ್ಪಡಿಸುವ ಕೊಳವೆ, ಅಂದ್ರೆ ಕಾಲಂ ಹಾಳಾಗಿದೆ ಅಂತ ಸೀನಿಯರ್ ಹೇಳ್ತಾರೆ. ಎರಡೂ ಗಾಜೇ ಅಲ್ವಾ? ಸೈಲನೈಸ್ಡ್ ವೂಲ್ ನಾವೇ ಮಾಡಿಕೊಳ್ಳಬಹುದಾ?

ಉತ್ತರ: ಕಾಲಂ ಮುಟ್ಟಬೇಡಿ. ಮೊದಲು ಲೈನರ್ ತೆಗೆಯಿರಿ.

ಗಾಜು ಯಾವುದಕ್ಕೂ ಅಂಟದ, ಯಾವುದರ ಜೊತೆಗೂ ಸೇರದ ವಸ್ತು ಅಂತ ನಾವೆಲ್ಲ ನಂಬಿರುತ್ತೇವೆ. ಬೀಕರ್ ಮಟ್ಟಿಗೆ ಅದು ಸರಿ. ಆದರೆ ಗಾಜಿನ ಮೇಲ್ಮೈ ತುಂಬ ಸಿಲನಾಲ್ ಗುಂಪುಗಳು, ಅಂದ್ರೆ ಸಿಲಿಕಾನ್‌ಗೆ ಅಂಟಿಕೊಂಡ ಓಎಚ್‌ಗಳು ಇರುತ್ತವೆ. ಕೂದಲಿಗಿಂತ ತೆಳುವಾಗಿ ಎಳೆದ ಗಾಜಿನಲ್ಲಿ ಮೇಲ್ಮೈ ಎಷ್ಟು ಜಾಸ್ತಿ ಅಂತ ಯೋಚಿಸಿ. ಅದರ ಮೇಲೆ ಇಂಜೆಕ್ಟರಿನ 250 ಡಿಗ್ರಿ ಬಿಸಿ. ಫಿನಾಲ್, ಅಮೀನ್‌ಗಳು ಅಲ್ಲಿ ಸಿಕ್ಕಿಕೊಂಡು ಪೀಕಿಗೆ ಬಾಲ ಬರುತ್ತದೆ. ಎಂಡ್ರಿನ್ ಅಂತೂ ಒಡೆದು ಎಂಡ್ರಿನ್ ಆಲ್ಡಿಹೈಡ್, ಎಂಡ್ರಿನ್ ಕೀಟೋನ್ ಆಗುತ್ತದೆ. ನಿಮ್ಮ ಎರಡು ಹೊಸ ಪೀಕ್ ಬಹುತೇಕ ಇವೇ. ಡಿಡಿಟಿ ಕೂಡ ಹೀಗೇ ಡಿಡಿಇ, ಡಿಡಿಡಿ ಆಗಿಬಿಡುತ್ತದೆ. ಅದಕ್ಕೇ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ 8081 ವಿಧಾನದಲ್ಲಿ ಎಂಡ್ರಿನ್, ಡಿಡಿಟಿ ಎರಡನ್ನೂ ಮೊದಲು ಹಾಕಿ ನೋಡಿ, ಯಾವುದೂ 15%ಕ್ಕಿಂತ ಜಾಸ್ತಿ ಒಡೆಯಬಾರದು ಅಂತ ಇಟ್ಟಿದ್ದಾರೆ.

ಸೈಲನೈಸ್ ಮಾಡೋದು ಅಂದ್ರೆ ಆ ಓಎಚ್‌ಗಳ ಬಾಯಿ ಮುಚ್ಚೋದು. ಡೈಮೀಥೈಲ್‌ಡೈಕ್ಲೋರೋಸೈಲೇನನ್ನು ಟಾಲುಯೀನ್‌ನಲ್ಲಿ ಸುಮಾರು 5% ಕಲಸಿ, ವೂಲ್ ನೆನೆಸಿ, ಟಾಲುಯೀನ್‌ನಲ್ಲಿ ತೊಳೆದು, ಉಳಿದ ಕ್ಲೋರಿನ್ ಹೋಗಲಿ ಅಂತ ಮೆಥನಾಲ್‌ನಲ್ಲೂ ತೊಳೆದು ಒಣಗಿಸುತ್ತಾರೆ. ನೀವೂ ಮಾಡಬಹುದು. ಆದರೆ ಎಚ್‌ಸಿಎಲ್ ಹೊಗೆ ಬರುತ್ತದೆ, ದ್ರಾವಕಕ್ಕೆ ಬೆಂಕಿ ಹತ್ತುತ್ತದೆ, ಫ್ಯೂಮ್ ಹುಡ್ ಇಲ್ಲದೆ ಕೈ ಹಾಕಲೇಬೇಡಿ. ಲೈನರ್‌ಗೆ ಬೇಕಾದದ್ದು ಕೆಲವೇ ಮಿಲಿಗ್ರಾಂ, ಒಂದು ಪ್ಯಾಕೆಟ್ ತಿಂಗಳುಗಟ್ಟಲೆ ಬರುತ್ತದೆ, ಹಾಗಾಗಿ ಕೊಂಡುಕೊಳ್ಳಿ ಅಂತಲೇ ನನ್ನ ಸಲಹೆ.

ಹಾಗಾದರೆ ವೂಲ್ ಯಾಕೆ ಬೇಕು, ಸುಮ್ನೆ ಖಾಲಿ ಲೈನರ್ ಹಾಕಿದರಾಯ್ತಲ್ಲ ಅಂತ ಅನ್ನಿಸಬಹುದು. ಶುದ್ಧ ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ದ್ರಾವಣ) ಮಾತ್ರ ಓಡಿಸುವಾಗ ಕೆಲವರು ಹಾಗೆ ಮಾಡುತ್ತಾರೆ. ಆದರೆ ಹಣ್ಣು ತರಕಾರಿ ಸಾರ ಹಾಕುವವರಿಗೆ ಅದು ಆಗಲ್ಲ. ನಾಲ್ಕೈದು ದಿನ ಓಡಿಸಿದ ಲೈನರನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ವೂಲಿನ ಮೇಲ್ಭಾಗ ಚಹಾ ಬಣ್ಣಕ್ಕೆ ತಿರುಗಿರುತ್ತದೆ, ಎಳೆಗಳ ನಡುವೆ ಸೂಜಿ ಚುಚ್ಚುವ ಮುಚ್ಚಳದ, ಅಂದ್ರೆ ಸೆಪ್ಟಮ್‌ನ ರಬ್ಬರ್ ಚೂರುಗಳು ಸಿಕ್ಕಿರುತ್ತವೆ. ವೂಲ್ ಇಲ್ಲದಿದ್ದರೆ ಅಷ್ಟೂ ಕಾಲಮ್ಮಿನ ಬಾಯಲ್ಲಿ ಹೋಗಿ ಕೂರುತ್ತಿತ್ತು. ಜೊತೆಗೆ ಸ್ಯಾಂಪಲ್ ಹನಿ ವೂಲಿನ ಮೇಲೆ ಹರಡಿ ಚೆನ್ನಾಗಿ ಆವಿಯಾಗುತ್ತದೆ, ಸೂಜಿ ತುದಿಯೂ ಒರೆಸಿಕೊಳ್ಳುತ್ತದೆ.

ಒಂದು ವಿಷಯ ಮಾತ್ರ ಮರೀಬೇಡಿ. ಒಳ್ಳೆಯ ವೂಲನ್ನೂ ನಾವೇ ಕೆಡಿಸುತ್ತೇವೆ. ಕಡ್ಡಿಯಿಂದ ಒತ್ತಿ ಒತ್ತಿ ತುರುಕಿದರೆ ಎಳೆ ಮುರಿಯುತ್ತದೆ, ಮುರಿದ ತುದಿಯಲ್ಲಿ ಹೊಸ ಗಾಜು ಹೊರಬರುತ್ತದೆ, ಅಲ್ಲಿ ಯಾವ ಲೇಪವೂ ಇರುವುದಿಲ್ಲ. ಸಡಿಲವಾಗಿ, ಚಿಮುಟದಿಂದ ಕೂರಿಸಿ. ಬರಿಗೈ ಬೇಡ, ಬೆರಳಿನ ಎಣ್ಣೆ ವೂಲಿಗೆ ಹತ್ತುತ್ತದೆ, ಎಳೆಗಳು ಚರ್ಮಕ್ಕೆ ಚುಚ್ಚುತ್ತವೆ. ತುಂಬಿದ ಮೇಲೆಯೇ ಸೈಲನೈಸ್ ಮಾಡಿದ ಸಿದ್ಧ ಲೈನರ್‌ಗಳೂ ಸಿಗುತ್ತವೆ, ಎಂಡ್ರಿನ್‌ಗೆ ನಾನಾದರೆ ಅದನ್ನೇ ತರಿಸುತ್ತೇನೆ.

ಸೈಲನೈಸ್ಡ್ ವೂಲಿಗೆ ಬೇರೆ ಕೆಲಸಗಳೂ ಇವೆ. ಒಳಗೆ ಪುಡಿ ತುಂಬಿದ ಪ್ಯಾಕ್ಡ್ ಕಾಲಮ್ಮಿನ ಎರಡೂ ತುದಿಗೆ ಬಿರಡೆಯಾಗಿ ಇಡುತ್ತಾರೆ. ಕಾರ್ಖಾನೆಯ ಗಾಳಿಯಲ್ಲಿ ಬೆಂಜೀನ್ ಹಿಡಿಯುವ ಇದ್ದಿಲು ಟ್ಯೂಬಿನಲ್ಲಿ 100 ಮಿಲಿಗ್ರಾಂ ಇದ್ದಿಲಿನ ಮುಂದೆ ಇರುವುದೂ ಇದೇ. ಆದರೆ ಸಿಲಿಕಾ ಜೆಲ್ ಕಾಲಮ್ಮಿನ ಬುಡಕ್ಕೆ, ಸೋಡಿಯಂ ಸಲ್ಫೇಟ್ ಸೋಸೋದಕ್ಕೆ ಸಾಮಾನ್ಯವಾಗಿ ನಿಮ್ಮ ಕಪಾಟಿನ ಮಾಮೂಲಿ ವೂಲ್ ಸಾಕು, ಎಸೆಯಬೇಡಿ. ಎರಡೂ ಡಬ್ಬಿಗೆ ದೊಡ್ಡದಾಗಿ ಹೆಸರು ಬರೆದು ಬೇರೆ ಬೇರೆ ಕಡೆ ಇಡಿ.

ಈಗ ಹೊಸ ಲೈನರ್ ಹಾಕಿ ಎಂಡ್ರಿನ್, ಡಿಡಿಟಿ ಮಾತ್ರ ಇರುವ ಸ್ಟ್ಯಾಂಡರ್ಡ್ ಓಡಿಸಿ. ಒಡೆಯೋದು 15%ರ ಒಳಗೆ ಬಂತಾ, ಆ ಕ್ರೊಮ್ಯಾಟೋಗ್ರಾಮ್ ಪ್ರಿಂಟ್ ತೆಗೆದು ಸೀನಿಯರ್‌ಗೆ ತೋರಿಸಿ. ಬರಲಿಲ್ಲ ಅಂದ್ರೆ ಆಗ ಕಾಲಮ್ಮಿನ ಮುಂದಿನ ತುದಿ ಸ್ವಲ್ಪ ಕತ್ತರಿಸಿ ಮತ್ತೆ ನೋಡಿ.