ಮ್ಯೂಲರ್ ಅನ್ನುವವರೆಲ್ಲ ನೆಂಟರಲ್ಲ

ತಂಗೀ, ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಮೂರು ವಾರ ಆಯ್ತು ಅಂತ ಬರೆದಿದ್ದೀಯ. ಮನೆ ಓನರ್ ಮ್ಯೂಲರ್, ಆಫೀಸಿನ ಬಾಸ್ ಮ್ಯೂಲರ್, ಹಲ್ಲಿನ ಡಾಕ್ಟರೂ ಮ್ಯೂಲರ್. "ಇವರೆಲ್ಲ ಒಂದೇ ಮನೆತನದವರಾ ಅಕ್ಕಾ? ಇವರನ್ನು ಹೇಗೆ ಕರೆಯಬೇಕು?" ಅಂತ ಕೇಳಿದ್ದೀಯ.

ಒಂದೇ ಮನೆತನ ಅಲ್ಲ. ಮ್ಯೂಲರ್ ಅಂದರೆ ಗಿರಣಿಯವನು, ಅಷ್ಟೇ. ನಮ್ಮ ಬೆಳಗಾವಿ, ಧಾರವಾಡದ ಕಡೆ ಬಡಿಗೇರ, ಕಮ್ಮಾರ, ಪತ್ತಾರ ಅಂತ ಅಡ್ಡಹೆಸರು ಇರುತ್ತಲ್ವಾ, ಹಾಗೆ. ಬಡಿಗೇರ ಅನ್ನುವವರೆಲ್ಲ ಅಣ್ಣತಮ್ಮಂದಿರಾ? ಇಲ್ಲೂ ಹಾಗೇ. ಸುಮಾರು 12ನೇ ಶತಮಾನದಿಂದ ಜರ್ಮನಿಯ ಪಟ್ಟಣಗಳಲ್ಲಿ ಹಾನ್ಸ್, ಹೈನ್‌ರಿಖ್ ಅನ್ನುವವರು ಜಾಸ್ತಿಯಾದರು. ಯಾವ ಹಾನ್ಸ್? ಗಿರಣಿಯ ಹಾನ್ಸ್. ಆ ಗುರುತೇ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೆಸರಾಗಿ ನಿಂತಿತು. ಇವತ್ತು ಜರ್ಮನಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜನಕ್ಕಿರುವ ಅಡ್ಡಹೆಸರು ಇದೇ. ಅದರ ನಂತರದ ಶ್ಮಿಟ್ ಅಂದರೆ ಕಮ್ಮಾರ, ಶ್ನೈಡರ್ ದರ್ಜಿ. ಉತ್ತರದ ಕಡೆ ಮ್ಯೂಲರನೇ ಮೋಲರ್ ಆಗುತ್ತಾನೆ. ಅಮೆರಿಕಕ್ಕೆ ಹೋದ ಎಷ್ಟೋ ಮ್ಯೂಲರ್‌ಗಳು ಮಿಲ್ಲರ್ ಆದರು.

ಹಳೆಯ ಕಾಲದ ಗಿರಣಿಯವನ ಬಾಳು ಸುಲಭ ಇರಲಿಲ್ಲ. ಎಷ್ಟೋ ಕಡೆ ರೈತರು ಊರ ಒಡೆಯನ ಗಿರಣಿಯಲ್ಲೇ ಕಾಳು ಬೀಸಿಸಬೇಕಿತ್ತು. ಬೇರೆ ಕಡೆ ಹೋಗುವ ಹಾಗಿರಲಿಲ್ಲ. ಗಿರಣಿಯವನು ಕೂಲಿಗೆ ಅದರಲ್ಲೇ ಒಂದು ಪಾಲು ತೆಗೆದುಕೊಳ್ಳುತ್ತಿದ್ದ. ಜಾಸ್ತಿ ತೆಗೆದ ಅನ್ನುವ ಅನುಮಾನ ಜನಕ್ಕೆ ಯಾವಾಗಲೂ ಇತ್ತು. ಆದರೆ ಅವನಿಲ್ಲದೆ ರೊಟ್ಟಿಯೂ ಇರಲಿಲ್ಲ. ನಿನ್ನ ಊರಿನ ದಕ್ಷಿಣಕ್ಕೇ ಸೀಬನ್‌ಮ್ಯೂಲನ್‌ಟಾಲ್ ಇದೆ, ಏಳು ಗಿರಣಿಗಳ ಕಣಿವೆ. ಹೆಸರು ಏಳು, ಎಣಿಸಿದರೆ ಹನ್ನೊಂದು. ಒಂದು ಭಾನುವಾರ ತೊರೆಯ ಪಕ್ಕ ನಡೆದು ನೋಡು, ಈ ಹೆಸರು ಯಾಕೆ ಇಷ್ಟು ಹರಡಿದೆ ಅಂತ ಕಣ್ಣಿಗೇ ಕಾಣುತ್ತದೆ.

ನೀನು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತೆ ಅಂದೆಯಲ್ಲ, ಆ ಮ್ಯಾಕ್ಸ್ ಮುಲ್ಲರೂ ಮ್ಯೂಲರೇ. 1823ರಲ್ಲಿ ಡೆಸ್ಸಾವ್‌ನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಕೂತು ಸಾಯಣ ಭಾಷ್ಯದ ಜೊತೆ ಋಗ್ವೇದ ಅಚ್ಚು ಮಾಡಿಸಿದವರು. ಭಾರತಕ್ಕೆ ಒಮ್ಮೆಯೂ ಬರಲಿಲ್ಲ. 1974ರ ವಿಶ್ವಕಪ್ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದ ಗೆರ್ಡ್ ಮ್ಯೂಲರ್, 2009ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಹೆರ್ಟಾ ಮ್ಯೂಲರ್ ಇದ್ದಾರೆ. ಹೆರ್ಟಾ ಹುಟ್ಟಿದ್ದು ರೊಮೇನಿಯಾದ ಒಂದು ಜರ್ಮನ್ ಹಳ್ಳಿಯಲ್ಲಿ.

ಆದರೆ ನನಗೆ ಹತ್ತಿರದವರು ಇನ್ನೊಬ್ಬರು. ನಾನು ಹುಟ್ಟಿದ್ದು ಮಂಗಳೂರಿನ ಕಂಕನಾಡಿಯಲ್ಲಿ, ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ. ಆ ಫಾದರ್ ಅಗಸ್ಟಸ್ ಮ್ಯೂಲರ್ ಜರ್ಮನಿಯಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ. 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ಶುರು ಮಾಡಿದರು. ಆಮೇಲೆ ಕುಷ್ಠರೋಗಿಗಳಿಗೂ ಜಾಗ ಮಾಡಿಕೊಟ್ಟರು. ಚಿಕ್ಕಂದಿನಿಂದ "ಮುಲ್ಲರ್ಸ್" ಅನ್ನುತ್ತಾ ಬೆಳೆದ ನನಗೆ, ಇಲ್ಲಿಗೆ ಬಂದು ಒಂದು ವರ್ಷ ಕಳೆದ ಮೇಲೆ ಹೊಳೆಯಿತು, ಇದು ಅದೇ ಹೆಸರು ಅಂತ. ಪಕ್ಕದ ಮನೆಯ ಕರೆಗಂಟೆಯ ಮೇಲೆ ಅದನ್ನು ಓದಿ ಕಣ್ಣು ತುಂಬಿ ಬಂತು. ಊರು ಬಿಟ್ಟ ಮೇಲೆ ಮೊದಲ ಸಲ ಈ ಬೀದಿ ನನ್ನದು ಅನ್ನಿಸಿತು.

ಈಗ ಕರೆಯುವ ವಿಷಯ. ಓನರಮ್ಮನನ್ನು "ಫ್ರಾವ್ ಮ್ಯೂಲರ್", ಅಂದರೆ ಶ್ರೀಮತಿ ಮ್ಯೂಲರ್, ಅಂತಲೇ ಕರೆ. ಹೆಸರು ಹಿಡಿದು ಕರೆ ಅಂತ ಅವರೇ ಹೇಳುವವರೆಗೆ ಬೇಡ. ಅದು ಬಿಂಕ ಅಲ್ಲ, ನಮ್ಮ "ರೀ", "ಅವರೇ" ಇದ್ದ ಹಾಗೆ. ಆಫೀಸಿನಲ್ಲಿ ಬೇಗ ಸಡಿಲ ಆಗುತ್ತದೆ, ಬಾಸ್ ಏನು ಅನ್ನುತ್ತಾರೋ ಕೇಳಿಸಿಕೊಂಡು ನೀನೂ ಹಾಗೇ ಮಾಡು.

ನಿನ್ನ ಹೆಸರಿನ ಬಗ್ಗೆಯೂ ಗಮನ ಇರಲಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರಿದೆ ಅಂದೆ. ಇಲ್ಲಿ ಎಲ್ಲರೂ ನಿನ್ನನ್ನು ಅದೇ ಹೆಸರಲ್ಲಿ ಕರೆಯುತ್ತಾರೆ. ಕ್ಲಿನಿಕ್ಕಿನಲ್ಲಿ ಅಪ್ಪನ ಹೆಸರು ಕೂಗಿದರೆ ಎದ್ದು ಹೋಗು, ಅದು ನಿನ್ನನ್ನೇ. ಫ್ಲ್ಯಾಟುಗಳಿಗೆ ಸಾಮಾನ್ಯವಾಗಿ ನಂಬರ್ ಇರುವುದಿಲ್ಲ. ಅಂಚೆಯವರು ಡಬ್ಬಿಯ ಮೇಲಿನ ಹೆಸರು ನೋಡಿಯೇ ಕಾಗದ ಹಾಕುತ್ತಾರೆ. ನಾನು ಮೊದಲ ತಿಂಗಳು ಡಬ್ಬಿಗೆ ನನ್ನ ಹೆಸರಷ್ಟೇ ಅಂಟಿಸಿದ್ದೆ, ಅಪ್ಪನ ಹೆಸರು ಬರೆದಿರಲಿಲ್ಲ. ವಿಮೆ ಕಾರ್ಡೂ ಬ್ಯಾಂಕಿನ ಪಿನ್ನೂ ವಾಪಸ್ ಹೋದವು. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ದೊಡ್ಡ ಅಕ್ಷರದಲ್ಲಿ ಬರೆದು, ಡಬ್ಬಿಗೂ ಕರೆಗಂಟೆಗೂ ಇವತ್ತೇ ಅಂಟಿಸು. ಜಾಗ ಸಾಲದಿದ್ದರೆ ಫ್ರಾವ್ ಮ್ಯೂಲರನ್ನು ಕೇಳು.