ಆಪ್ತಸಲಹೆ ಪ್ರಕರಣ: ಮೀಟಿಂಗಲ್ಲಿ ಬೈಸಿಕೊಂಡ ಲೆಕ್ಚರರ್ ಮತ್ತು ಒಂದು ಫ್ರೀ ಪುಸ್ತಕ

(ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದ್ದೀನಿ.)

ಇವರು ಪ್ರೈವೇಟ್ ನರ್ಸಿಂಗ್ ಕಾಲೇಜಲ್ಲಿ ಬಿಎಸ್ಸಿ ಮಕ್ಕಳಿಗೆ ಫಾರ್ಮಕಾಲಜಿ, ಅಂದ್ರೆ ಔಷಧಿಗಳ ಪಾಠ ತಗೋತಾರೆ. ಕ್ಲಾಸಲ್ಲಿ ಪುಸ್ತಕ ಕೊಂಡವರು ಬೆರಳೆಣಿಕೆ, ಉಳಿದವರೆಲ್ಲಾ ಜೆರಾಕ್ಸು, ಇಲ್ಲಾ ವಾಟ್ಸಾಪಲ್ಲಿ ಬಂದ ಮಸುಕು ಫೋಟೋ ನೋಡಿ ಡೋಸ್ ಓದೋದು. ಅದನ್ನ ನೋಡಲಾಗದೆ ಇವರು ಸ್ಟಾಫ್ ಮೀಟಿಂಗಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಓಪನ್ ಆರ್‌ಎನ್ ಅನ್ನೋ, ನರ್ಸಿಂಗ್ ಪುಸ್ತಕಗಳನ್ನ ಆನ್‌ಲೈನಲ್ಲಿ ಫ್ರೀ ಕೊಡೋ ಪ್ರಾಜೆಕ್ಟಿನ ಫಾರ್ಮಕಾಲಜಿ ಪುಸ್ತಕ ಬಳಸೋಣ ಅಂದಿದ್ದಾರೆ, ಎಚ್‌ಓಡಿ (ವಿಭಾಗದ ಮುಖ್ಯಸ್ಥೆ) ಎಲ್ಲರೆದುರಿಗೇ "ಫ್ರೀ ಪುಸ್ತಕದಲ್ಲೇ ಪಾಠ ಆಗೋದಾದ್ರೆ ನಿನಗ್ಯಾಕಮ್ಮಾ ಸಂಬಳ" ಅಂದುಬಿಟ್ರಂತೆ. ಆವತ್ತಿಂದ ನಿದ್ದೆ ಇಲ್ಲ, ಎಚ್‌ಓಡಿ ಕ್ಯಾಬಿನ್ ಮುಂದೆ ಹೋದ್ರೆ ಎದೆ ಡವಡವ, ರಿಸೈನ್ ಲೆಟರ್ ಕೂಡ ಟೈಪ್ ಮಾಡಿಟ್ಟಿದ್ರು.

ಮೊದಲು ಪೂರ್ತಿ ಅಳೋಕೆ ಬಿಟ್ಟೆ. ಆಮೇಲೆ ಒಂದು ಹಾಳೆ ಕೊಟ್ಟು, ನಿಮ್ಮ ಬಗ್ಗೆ ಅಂದಿದ್ದು ಒಂದು ಕಡೆ, ಪುಸ್ತಕದ ಬಗ್ಗೆ ಅಂದಿದ್ದು ಇನ್ನೊಂದು ಕಡೆ ಬರೀರಿ ಅಂದೆ. ಪುಸ್ತಕದ ಕಡೆ ಎರಡೇ ಸಾಲು: "ಅಮೆರಿಕದ್ದು", "ಎಕ್ಸಾಮಿಗೆ ಆಗಲ್ಲ". ಮೇಡಂ, ಎಲ್ಲರೆದುರು ಅವಮಾನ ಮಾಡಿದ್ದು ಖಂಡಿತ ತಪ್ಪು, ಆದ್ರೆ ಈ ಎರಡು ಮಾತಿಗೆ ಉತ್ತರ ಕೊಡಲೇಬೇಕು ಅಂದೆ. ನಮ್ಮ ವಾರ್ಡಲ್ಲಿ ಪ್ಯಾರಾಸಿಟಮಾಲ್, ಸಾಲ್ಬುಟಮಾಲ್ ಅನ್ನೋದು ಅಲ್ಲಿ ಅಸಿಟಮಿನೊಫೆನ್, ಆಲ್ಬ್ಯುಟೆರಾಲ್. ಹೊಸ ಸ್ಟೂಡೆಂಟ್ ಗಲಿಬಿಲಿಯಾದ್ರೆ ತೊಂದರೆ ಆಗೋದು ಪೇಷಂಟಿಗೆ. ಆದ್ರೆ ಆ ಪುಸ್ತಕದ ಲೈಸೆನ್ಸು ಸಿಸಿ ಬೈ 4.0 ಅನ್ನೋ ಮುಕ್ತ ಲೈಸೆನ್ಸು, ಮೂಲದವರ ಹೆಸರು ಹಾಕಿ ಏನು ಬದಲಾಯಿಸಿದ್ವಿ ಅಂತ ಬರೆದ್ರೆ ತಿದ್ದಬಹುದು, ಪ್ರಿಂಟ್ ಹಾಕಿ ಹಂಚಬಹುದು.

ಅದಕ್ಕೆ ಹೇಳಿದ್ದು ಇಷ್ಟು: ಇಡೀ ಪುಸ್ತಕ ಬೇಡ, ಉಸಿರಾಟದ ಔಷಧಿಗಳ ಯೂನಿಟ್ ಒಂದೇ ತಗೊಳ್ಳಿ. ಔಷಧಿಗಳಿಗೆ ನಮ್ಮಲ್ಲಿ ಬಳಸೋ ಹೆಸರು ಹಾಕಿ, ಅಲ್ಲಿನ ಕಾನೂನು ತೆಗೀರಿ, ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಸಿಲಬಸ್ಸು, ಹಳೇ ಕ್ವೆಶ್ಚನ್ ಪೇಪರ್ ಪಕ್ಕದಲ್ಲಿಟ್ಟು ಹೊಂದಿಸಿ. ಮೀಟಿಂಗಿಗೆ ತರಬೇಡಿ, ಎಚ್‌ಓಡಿ ಒಬ್ಬರೇ ಇದ್ದಾಗ "ಮೇಡಂ, ತಪ್ಪಿದ್ರೆ ತಿದ್ದಿಕೊಡಿ" ಅಂತ ಕೊಡಿ. ಮತ್ತೆ ಎಲ್ಲರೆದುರು ಹಂಗೆ ಅಂದ್ರೆ ಪ್ರಿನ್ಸಿಪಾಲರಿಗೆ ಬರವಣಿಗೆಯಲ್ಲೇ ತಿಳಿಸಿ. ರಾತ್ರಿ ತುಂಬಾ ಕಷ್ಟ ಆದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಮುಂದಿನ ಸಲ ಬಂದಾಗ ಕೆಂಪು ಪೆನ್ನಲ್ಲಿ ತಿದ್ದಿದ ಹಾಳೆಗಳನ್ನ ತಂದಿದ್ರು. ಟೆಕ್ಸ್ಟ್‌ಬುಕ್ ಅಂತ ಬೇಡ, ಹ್ಯಾಂಡೌಟ್ ಅಂತ ಕೊಡಿ ಅಂದಿದ್ದಾರಂತೆ ಎಚ್‌ಓಡಿ. ಇವರಿಗೆ ಅದು ಸಾಲದು ಅನ್ನಿಸಿದೆ, ಈ ಸೆಮಿಸ್ಟರಿಗೆ ಅಷ್ಟನ್ನೇ ಒಪ್ಪಿಕೊಳ್ಳಿ ಅಂದೆ. ನಿದ್ದೆ ಪರವಾಗಿಲ್ಲ, ಕ್ಯಾಬಿನ್ ಭಯ ಇನ್ನೂ ಇದೆ, ಅದರ ಮೇಲೆ ಕೆಲಸ ನಡೀತಿದೆ.